ಅಮದಳ್ಳಿಯ ಒತ್ತಕ್ಷರಕ್ಕಾಗಿ ಇಮ್ಯಾಕ್ಸ್ ಕಟ್ಟಿದ್ದು

ಕಡತದಲ್ಲಿ ಸರಿಯಾಗಿಯೇ ಇರುವ ಕನ್ನಡ ಕೆಲವೊಮ್ಮೆ ಪರದೆಯ ಮೇಲೆ ಒಡೆದು ಕಾಣುತ್ತದೆ. ಯೂನಿಕೋಡ್ 'ಳ್ಳಿ'ಯನ್ನು ಬಿಡಿಬಿಡಿಯಾಗಿ ಇಡುತ್ತದೆ. ಅದನ್ನು ಜೋಡಿಸಿ ಒತ್ತು ಕೂರಿಸುವುದು ಬೇರೆ ತಂತ್ರಾಂಶದ ಕೆಲಸ. ತೋಡೂರಿನ ನಮ್ಮ ಮನೆಯ ಹಳೆಯ ಲ್ಯಾಪ್‌ಟಾಪಿನ ಇಮ್ಯಾಕ್ಸ್‌ನಲ್ಲಿ ಅಂಥದ್ದು ಸೇರಿರಲಿಲ್ಲ.

ದೊಡ್ಡಪ್ಪನ ಪಹಣಿ ತಿದ್ದುಪಡಿ ಅರ್ಜಿ ಟೈಪ್ ಮಾಡುತ್ತಿದ್ದೆ. ಪಕ್ಕದ ಅಮದಳ್ಳಿ 'ಅಮದಳ್‌ಳಿ' ಆಗಿತ್ತು. "ಇದೆಂತದಾ? ತಪ್ಪು ತಿದ್ದಿ ಅಂತ ಕೇಳೂ ಅರ್ಜಿಲೇ ತಪ್ಪಾ?" ಎಂದರು. ನ್ಯಾಯವಾದ ಪ್ರಶ್ನೆ.

ಇಮ್ಯಾಕ್ಸ್ 2020ರ 27ನೇ ಆವೃತ್ತಿಯಿಂದ ಹಾರ್ಫ್‌ಬಜ್ ಬಳಸುತ್ತದೆ. ಒತ್ತು ಕೂರಿಸುವುದು ಅದೇ. ಹೇಗೂ ಕಟ್ಟುವುದಾದರೆ ಹೊಸದನ್ನೇ ಕಟ್ಟೋಣವೆಂದು ಅಭಿವೃದ್ಧಿ ಹಂತದ ಮೂಲ ಕೋಡನ್ನು ಗಿಟ್‌ನಿಂದ ಇಳಿಸಿಕೊಂಡೆ. 'ಡೆಪ್ತ್ 1' ಎಂದು ಕೊಟ್ಟರೆ ಹಳೆಯ ಇತಿಹಾಸವೆಲ್ಲ ಬರುವುದಿಲ್ಲ, ಮೊಬೈಲ್ ಡೇಟಾ ಉಳಿಯುತ್ತದೆ.

ಮೊದಲು ಆಟೋಜೆನ್, ಆಮೇಲೆ ಕಾನ್ಫಿಗರ್, ಕೊನೆಗೆ ಮೇಕ್. ಕಾನ್ಫಿಗರ್ ಮುಗಿದಾಗ ಒಂದು ಉದ್ದ ಪಟ್ಟಿ ಬರುತ್ತದೆ. ಅದನ್ನು ಓದದೆ ಮುಂದೆ ಹೋಗಬೇಡಿ. ಹಾರ್ಫ್‌ಬಜ್ ಎದುರು 'ನೋ' ಇದ್ದರೆ ಅದರ ಡೆವಲಪ್‌ಮೆಂಟ್ ಪ್ಯಾಕೇಜ್ ಹಾಕಿಕೊಂಡು ಕಾನ್ಫಿಗರ್ ಮತ್ತೆ ಓಡಿಸಬೇಕು. ನನಗೆ 'ಯೆಸ್' ಬಂದದ್ದು ಎರಡನೇ ಸಲ.

ನಡುವೆ ಕರೆಂಟ್ ಹೋಯಿತು (ಮಳೆಗಾಲ, ಕೇಳಬೇಡಿ). ಬ್ಯಾಟರಿ ಸತ್ತು ವರ್ಷವಾಗಿದೆ. ಆದರೆ ಮೇಕ್ ಜಾಣ: ಆದದ್ದನ್ನು ಬಿಟ್ಟು ಉಳಿದದ್ದನ್ನಷ್ಟೇ ಕಟ್ಟುತ್ತದೆ. ಅರ್ಜಿ ಮರುದಿನವೇ ಹೋಯಿತು.

ನೀವೂ ಕಟ್ಟಿದರೆ ಮೊದಲು ಕಂಟ್ರೋಲ್-ಎಚ್ ಒತ್ತಿ, ಆಮೇಲೆ ಬರೀ ಎಚ್. ಹಲವು ಭಾಷೆಗಳ ವಂದನೆಗಳ ಪಟ್ಟಿ ತೆರೆಯುತ್ತದೆ. ಅದರಲ್ಲಿ ಕನ್ನಡದ 'ನಮಸ್ಕಾರ' ಹುಡುಕಿ, 'ಸ್ಕಾ' ನೆಟ್ಟಗೆ ಕೂತಿದೆಯೇ ನೋಡಿ.