ಮೋಟಾರಿನ ಕಣ್ಣು

ಮೋಟಾರಿನ ಮುಂದಿನ ದೀಪಗಳು ಮಂದವಾದುವೆಂದರೆ ಬಲ್ಬನ್ನು ಬದಲಾಯಿಸಬೇಕೆಂದು ಹೇಳುವವರೇ ಬಹುಮಂದಿ. ನಮ್ಮ ಮೋಟಾರಿಗೆ ಈಗ ಹದಿಮೂರು ವರ್ಷ. ಪಾಂಡವಪುರದ ಕಡೆಯಿರುವ ಮಗಳ ಮನೆಗೆ ಹೋದಾಗ ಮೈಸೂರಿಗೆ ಹಿಂದಿರುಗುವಷ್ಟರಲ್ಲಿ ಕತ್ತಲಾಗುವುದುಂಟು. ಆ ಸೀಮೆಯನ್ನು ಬಲ್ಲವರಿಗೆ ನಾವು ಹೆಚ್ಚು ಹೇಳಬೇಕಾದುದಿಲ್ಲ. ಒಂದು ಮಗ್ಗುಲಲ್ಲಿ ವಿಶ್ವೇಶ್ವರಯ್ಯ ನಾಲೆ. ಎದುರಿಗೆ ದೀಪವಿಲ್ಲದ ಕಬ್ಬಿನ ಗಾಡಿ. 2023ರಲ್ಲಿ ಆ ನಾಲೆಗೆ ಮೋಟಾರುಗಳು ಉರುಳಿ ಜನರು ಪ್ರಾಣ ಕಳೆದುಕೊಂಡುದನ್ನು ವಾಚಕರು ಪತ್ರಿಕೆಗಳಲ್ಲಿ ಓದಿಯೇ ಇರುವರು.

ದೀಪಾವಳಿಗೆ ಬಂದಿದ್ದ ನಮ್ಮ ಅಳಿಯಂದಿರು, "ಮಾವನವರೆ, ಈ ಮಂಕು ಬಲ್ಬನ್ನು ತೆಗೆಸಿ ಎಲ್‌ಇಡಿ ಹಾಕಿಸಿಬಿಡಿ, ರಾತ್ರಿ ಹಗಲಾಗುತ್ತದೆ" ಎಂದರು. ಅವರ ಅಕ್ಕರೆಯಲ್ಲಿ ಸಂದೇಹವಿಲ್ಲ. ಆದರೆ ನಾವು ವ್ಯಾಕರಣ ಓದಿದವರು. ಪದದ ರೂಪ ಸರಿಯಾಗಲಿಲ್ಲವೆಂದರೆ ಮೊದಲು ಧಾತುವನ್ನು ನೋಡುವುದು ನಮ್ಮ ಅಭ್ಯಾಸ.

ನೋಡಲಾಗಿ, ದೋಷವು ಬಲ್ಬಿನಲ್ಲಿರಲಿಲ್ಲ. ಈಗಿನ ದೀಪಗಳ ಮುಚ್ಚಳ ಗಾಜಿನದಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನದು. ಅದರ ಮೇಲಣ ಕಾಪಿನ ಲೇಪವು ವರ್ಷಗಟ್ಟಲೆ ಬಿಸಿಲಿನ ನೇರಳಾತೀತ ಕಿರಣಗಳಿಗೆ ಸಿಕ್ಕಿ ಕೆಟ್ಟಮೇಲೆ ಮುಚ್ಚಳವು ಹಳದಿಯಾಗಿ ಮಬ್ಬಾಗುತ್ತದೆ. ದಾರಿಯ ಮೇಲೆ ಬೀಳತಕ್ಕ ಬೆಳಕು ಅಲ್ಲಿಯೇ ಚೆದುರಿ ಎದುರು ಬರುವವನ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಪೊರೆ ಬಂದಂತೆಯೇ ಸರಿ. ಪೊರೆಯನ್ನು ಹಾಗೆಯೇ ಬಿಟ್ಟು ದೀಪವನ್ನು ದೊಡ್ಡದು ಮಾಡಿದರೆ ಫಲವೇನು?

ಒಂದು ಭಾನುವಾರ ಬೆಳಗ್ಗೆ ಸುತ್ತಣ ಬಣ್ಣಕ್ಕೆ ತಾಗದಂತೆ ಅಂಟುಪಟ್ಟಿ ಹಚ್ಚಿ, ನೀರು ಹಾಕುತ್ತ, 800, 1500, 3000 ಅಂಕೆಯ ಉಜ್ಜುಕಾಗದಗಳಿಂದ ಕ್ರಮವಾಗಿ ತಿಕ್ಕಿದೆವು. ಮೊದಲನೆಯ ಕಾಗದವಾದ ಕೂಡಲೆ ಮುಚ್ಚಳ ಸುಣ್ಣ ಬಳಿದಂತಾಯಿತು. ಮನೆಯವರು ಹೊರಗೆ ಬಂದು ನೋಡಿ, "ಇದ್ದ ಬೆಳಕನ್ನೂ ಕಳೆದಿರಲ್ಲ!" ಎಂದರು. ಕಾಗದ ನಯವಾದಂತೆಲ್ಲ ಮಬ್ಬು ಕರಗಿ, ಪಾಲಿಶು ಮಾಡಿದ ಮೇಲೆ ತಿಳಿಯಾಯಿತು. ಕೊನೆಗೆ ನೇರಳಾತೀತ ಕಿರಣಗಳನ್ನು ತಡೆಯುವ ಲೇಪವನ್ನು ಮರೆಯದೆ ಬಳಿಯತಕ್ಕದ್ದು. ಇಲ್ಲವಾದರೆ ಕೆಲವೇ ತಿಂಗಳಲ್ಲಿ ಹಳದಿ ಮರಳುತ್ತದೆ.

ಇನ್ನೊಂದು ಕಳ್ಳತನವನ್ನು ಮೋಟಾರು ವೈರಿಂಗಿನವರು ಹಿಡಿದುಕೊಟ್ಟರು. ಇಂಜಿನು ಓಡುತ್ತಿರುವಾಗ ಬ್ಯಾಟರಿಯಲ್ಲಿ 13.8 ವೋಲ್ಟು, ಬಲ್ಬಿನ ಬಳಿ ಅಳೆದರೆ 12.4. ಹತ್ತರಲ್ಲಿ ಒಂದು ಪಾಲು ತಾನೆ ಎನ್ನುವಿರಾ? ಹ್ಯಾಲೊಜೆನ್ ಬಲ್ಬಿನ ಸ್ವಭಾವವೆಂತಹುದೆಂದರೆ, ವೋಲ್ಟು ಹತ್ತು ಪಾಲು ಇಳಿದರೆ ಬೆಳಕು ಸುಮಾರು ಮೂವತ್ತು ಪಾಲು ಇಳಿಯುತ್ತದೆ. ಸವೆದ ಸ್ವಿಚ್ಚೂ ಸಣ್ಣ ತಂತಿಗಳೂ ಅದನ್ನು ನುಂಗುತ್ತಿದ್ದುವು. ದಪ್ಪ ತಂತಿ ಎಳೆದು, ಫ್ಯೂಸು ಸಹಿತ ರಿಲೇ ಕೂಡಿಸಿದರು. 60/55 ವ್ಯಾಟಿನ ಹಳೆಯ ಬಲ್ಬೇ ಹೊಸದರಂತೆ ಉರಿಯಿತು. 100 ವ್ಯಾಟಿನದನ್ನು ತುರುಕುವವರುಂಟು. ಅದರ ಕಾವಿಗೆ ಹೋಲ್ಡರು ಕರಗುವುದೂ ಉಂಟು.

ಅಳಿಯಂದಿರ ಎಲ್‌ಇಡಿಯ ವಿಷಯಕ್ಕೆ ಬರೋಣ. ಅದು ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಅದಕ್ಕೆಂದೇ ರಚಿಸಿದ ದೀಪದಲ್ಲಿ ಅದು ಶ್ರೇಷ್ಠವೇ. ಆದರೆ ಹ್ಯಾಲೊಜೆನ್ನಿನ ಕನ್ನಡಿಯನ್ನು ಆ ಸಣ್ಣ ತಂತಿ ಇರುವ ಜಾಗವನ್ನೇ ಲೆಕ್ಕಹಾಕಿ ಬಾಗಿಸಿರುತ್ತಾರೆ. ಬೆಳಕು ಹುಟ್ಟುವ ಎಡೆ ಬೇರೆಯಾದರೆ ಕಿರಣಗಳು ಎತ್ತೆತ್ತಲೋ ಹಾರುತ್ತವೆ. ಸಂಸ್ಕೃತದಲ್ಲಿ ಆಲೋಕ ಶಬ್ದಕ್ಕೆ ಬೆಳಕೆಂಬ ಅರ್ಥವೂ ನೋಟವೆಂಬ ಅರ್ಥವೂ ಉಂಟು. ಅಂಗಡಿಯವನು ಮಾರುವುದು ಮೊದಲನೆಯ ಅರ್ಥವನ್ನು ಮಾತ್ರ. ಎದುರಿನವನ ಕಣ್ಣು ಕೋರೈಸಿ ಅವನು ನಾಲೆಯ ಕಡೆ ಸರಿದರೆ ನಮ್ಮ ಹಗಲು ಯಾರಿಗೆ ಬೇಕು? ಅರುವತ್ತರ ಕಣ್ಣಿನ ಒಳಪದರಕ್ಕೆ ತಲಪುವ ಬೆಳಕು ಇಪ್ಪತ್ತರವನ ಕಣ್ಣಿಗೆ ತಲಪುವುದರ ಸುಮಾರು ಮೂರರಲ್ಲೊಂದು ಪಾಲು; ಕೋರೈಸಿದ ಮೇಲೆ ಚೇತರಿಸಿಕೊಳ್ಳಲೂ ಹೆಚ್ಚು ಹೊತ್ತು ಹಿಡಿಯುತ್ತದೆ. ನಮ್ಮ ವಯಸ್ಸಿನವರು ಎದುರಿನಿಂದಲೂ ಬರುತ್ತಿರುತ್ತಾರಷ್ಟೆ.

ದೀಪದ ಓರೆಯನ್ನೂ ನೋಡಿಸಿದೆವು. ಸಮನೆಲದಲ್ಲಿ ಗೋಡೆಯಿಂದ 10 ಮೀಟರು ದೂರ ಮೋಟಾರನ್ನು ನಿಲ್ಲಿಸಿ ಕೆಳದೀಪ ಹಾಕಿದರೆ, ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರು ಕೆಳಗಿರಬೇಕು. ನಮ್ಮ ದೇಶದಲ್ಲಿ ಎಡಗಡೆ ಮಾತ್ರ ಸ್ವಲ್ಪ ಏರಬೇಕು. ಇಷ್ಟಾದರೂ ಕೆಳದೀಪದಲ್ಲಿ ನಾವು ಗಂಟೆಗೆ 60 ಕಿಲೋಮೀಟರು ಮೀರುವುದಿಲ್ಲ. ಆ ವೇಗದಲ್ಲಿಯೂ ಗಾಡಿಯನ್ನು ಕಂಡು, ಬ್ರೇಕು ಒತ್ತಿ, ನಿಲ್ಲುವಷ್ಟರಲ್ಲಿ ಒಣ ರಸ್ತೆಯ ಮೇಲೆ ಸುಮಾರು 45 ಮೀಟರು ಸರಿದುಹೋಗುತ್ತದೆ.

ಚಾಲಕನ ಬಲಗೈಯ ಕಡೆ, ಸೊನ್ನೆಯಿಂದ ಮೂರರವರೆಗೆ ಅಂಕೆಯಿರುವ ಸಣ್ಣ ತಿರುಗಣೆಯೊಂದು ಅನೇಕ ಮೋಟಾರುಗಳಲ್ಲಿರುತ್ತದೆ. ಹಿಂದೆ ಭಾರ ಹೆಚ್ಚಿದರೆ ಮೂತಿ ಮೇಲೇಳುವುದರಿಂದ ದೀಪವನ್ನು ತಗ್ಗಿಸಲು ಅದು. ಮಗಳು ತೆಂಗಿನಕಾಯಿಯ ಮೂಟೆಗಳನ್ನು ಹಿಂದೆ ಹೇರಿ ಕಳುಹಿಸಿದ ದಿನ ನಾವು ಅದನ್ನು ಎರಡಕ್ಕೆ ತಿರುಗಿಸಿಯೇ ಹೊರಡುತ್ತೇವೆ.