ಕೈಯಿಂದ ಹಾಕಿದ ಹಣ

"ಸದ್ಯ ನಿಮ್ಮ ಕೈಯಿಂದ ಹಾಕಿರಿ, ಆಮೇಲೆ ಬಿಲ್ ಕೊಡಿರಿ." ದುಡಿಮೆಯ ಲೋಕದಲ್ಲಿ ಈ ಮಾತು ದಿನನಿತ್ಯ ಕೇಳಿಬರುತ್ತದೆ. ಹೇಳುವವರಿಗೆ ಇದು ಹಗುರವಾದ ಮಾತು. ಕೇಳುವವರಿಗೆ ಅದರ ಭಾರ ತಿಂಗಳ ಕೊನೆಯಲ್ಲಿ ತಿಳಿಯುತ್ತದೆ.

ಹುಕ್ಕೇರಿಯ ಸುತ್ತಮುತ್ತ ಮನೆಭೇಟಿಗೆ ಹೋದಾಗ ಈ ಭಾರದ ಕಥೆಗಳನ್ನು ಕೇಳಿದ್ದೇನೆ. ಹಿಂದಿನ ತಲೆಮಾರಿನವರಿಗೆ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಗೊತ್ತಿತ್ತು. ಕಬ್ಬಿನ ಬಿಲ್ ಬಂದಾಗ ಲೆಕ್ಕ ತೀರುತ್ತಿತ್ತು. ಇಂದಿನ ಯುವಕರ ಕಿಸೆಯಲ್ಲಿ ಕ್ರೆಡಿಟ್ ಕಾರ್ಡ್ ಇದೆ. ನಾನು ಬಲ್ಲ ಒಬ್ಬ ಯುವಕ ಔಷಧ ಮಾರಾಟದ ಪ್ರತಿನಿಧಿ. ಗೋಕಾಕ, ಸಂಕೇಶ್ವರ, ನಿಪ್ಪಾಣಿ ಎಂದು ಸುತ್ತುತ್ತಾನೆ. ಪೆಟ್ರೋಲು, ಊಟ, ವಸತಿ ಎಲ್ಲವೂ ಅವನ ಸ್ವಂತ ಕಾರ್ಡಿನಿಂದಲೇ. ಕಂಪನಿ ಆ ಹಣವನ್ನು ಕೊಡದೆ ಇರುವುದಿಲ್ಲ. ಕೊಡುತ್ತದೆ, ಆದರೆ ಎರಡು ಮೂರು ತಿಂಗಳ ನಂತರ. ಬ್ಯಾಂಕು ಅಷ್ಟು ದಿನ ಕಾಯುವುದಿಲ್ಲ.

ಕಾರ್ಡಿನಲ್ಲಿ ಬಡ್ಡಿಯಿಲ್ಲದ ಅವಧಿ ಸಾಮಾನ್ಯವಾಗಿ 45 ರಿಂದ 50 ದಿನಗಳವರೆಗೆ ಮಾತ್ರ. ಪೂರ್ತಿ ಬಾಕಿ ಕಟ್ಟದಿದ್ದರೆ ಖರೀದಿಸಿದ ದಿನದಿಂದಲೇ ಬಡ್ಡಿ ಏರುತ್ತದೆ. ಅನೇಕ ಕಾರ್ಡುಗಳಲ್ಲಿ ಅದು ತಿಂಗಳಿಗೆ ಶೇಕಡಾ 3.5ರ ಆಸುಪಾಸಿನಲ್ಲಿದೆ. 20,000 ರೂಪಾಯಿ ಬಾಕಿ ಉಳಿದರೆ ತಿಂಗಳಿಗೆ 700 ರೂಪಾಯಿ ಬಡ್ಡಿ, ಅದರ ಮೇಲೆ ಶೇಕಡಾ 18ರ ಜಿಎಸ್‌ಟಿ 126 ರೂಪಾಯಿ. ಕಂಪನಿ 20,000 ಹಿಂದಿರುಗಿಸುತ್ತದೆ. ಆ 826ನ್ನು ಯಾರೂ ಹಿಂದಿರುಗಿಸುವುದಿಲ್ಲ. ಕಂತು ತಪ್ಪಿದರೆ ಸಿಬಿಲ್ ದಾಖಲೆಯಲ್ಲಿ ಕಳಂಕ ತಗಲುವುದೂ ಯುವಕನ ಹೆಸರಿಗೇ. ಕಾರ್ಡಿನಿಂದ ಸಿಗುವ ರಿವಾರ್ಡ್ ಪಾಯಿಂಟುಗಳಿಗಾಗಿ ಕೆಲವರು ಇದನ್ನು ಮೆಚ್ಚುವುದುಂಟು. ಹಣ ಸಕಾಲದಲ್ಲಿ ಬರುವವರಿಗೆ ಅದು ಲಾಭವೇ ಸರಿ.

ಕಾರ್ಡು ಇಲ್ಲದವರ ಪಾಡು ಇನ್ನೂ ಕಠಿಣ. ಕೆಲವು ವರ್ಷಗಳಿಂದ ನಮ್ಮ ರಾಜ್ಯದ ಅಂಗನವಾಡಿ ಕಾರ್ಯಕರ್ತೆಯರು ಮಕ್ಕಳ ಮೊಟ್ಟೆಗೆ ಸ್ವಂತ ಹಣ ಹಾಕಿ ತಿಂಗಳುಗಟ್ಟಲೆ ಕಾದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಅವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಶಾಲೆಗಳಲ್ಲಿಯೂ ಹಾಗೆಯೇ. 2024ರಲ್ಲಿ ಬೇಯಿಸುವ, ಸುಲಿಯುವ ಖರ್ಚೂ ಸೇರಿ ಒಂದು ಮೊಟ್ಟೆಗೆ ಸರ್ಕಾರ ಕೊಡುತ್ತಿದ್ದುದು 6 ರೂಪಾಯಿ. ಮಾರುಕಟ್ಟೆಯ ದರ ಅದನ್ನು ಮೀರಿದಾಗ ಮುಖ್ಯೋಪಾಧ್ಯಾಯರು ತಮ್ಮ ಕಿಸೆಯಿಂದ ಹಣ ತುಂಬಿದರು. ಹಸಿದ ಮಗುವಿನ ಮುಂದೆ "ಅನುದಾನ ಬಂದಿಲ್ಲ" ಎಂದು ಹೇಳಲು ಅವರಿಗೆ ಮನಸ್ಸು ಬರಲಿಲ್ಲ.

ಇಲ್ಲಿ ನಡೆಯುತ್ತಿರುವುದೇನು? ಚಿಕ್ಕವನು ದೊಡ್ಡವನಿಗೆ ಬಡ್ಡಿಯಿಲ್ಲದ ಸಾಲ ಕೊಡುತ್ತಿದ್ದಾನೆ, ತಾನು ಮಾತ್ರ ಬಡ್ಡಿ ತೆರುತ್ತಿದ್ದಾನೆ. ಸಾಲ ಎಂಬ ಹೆಸರಿಲ್ಲದ ಕಾರಣ ಅದು ಯಾರ ಮನಸ್ಸನ್ನೂ ಚುಚ್ಚುವುದಿಲ್ಲ.

ಸಂತ ಲೂಕನ ಶುಭಸಂದೇಶದಲ್ಲಿ ಬರುವ ಸಮಾರಿಯದವನನ್ನು ನೆನೆಯೋಣ. ಗಾಯಾಳುವಿನ ಆರೈಕೆಯನ್ನು ಛತ್ರದವನಿಗೆ ಒಪ್ಪಿಸುವಾಗ ಅವನು ಮೊದಲು ಎರಡು ನಾಣ್ಯಗಳನ್ನು ಅವನ ಕೈಗಿತ್ತನು. ಹೆಚ್ಚಿಗೆ ಖರ್ಚಾದರೆ ಮರಳಿ ಬಂದಾಗ ತೀರಿಸುವೆನೆಂದು ಆಮೇಲೆ ಮಾತು ಕೊಟ್ಟನು. ಮುಂಗಡ ಮೊದಲು, ಮಾತು ನಂತರ. ಅವನ ಕರುಣೆಯನ್ನು ನಾವು ಬಹಳ ಹೊಗಳಿದ್ದೇವೆ. ಲೆಕ್ಕದ ಈ ಶುದ್ಧಿಯನ್ನು ಅಷ್ಟಾಗಿ ಗಮನಿಸಿಲ್ಲ.

ಆದುದರಿಂದ ದುಡಿಯುವ ಮಕ್ಕಳಿಗೆ ನನ್ನ ಸಲಹೆ ಇಷ್ಟು: ದೊಡ್ಡ ಖರ್ಚಿಗೆ ಮುಂಗಡ ಕೇಳಲು ನಾಚಬೇಡಿರಿ. ಕಚೇರಿಯ ಖರ್ಚನ್ನೂ ಮನೆಯ ಖರ್ಚನ್ನೂ ಒಂದೇ ಕಾರ್ಡಿನಲ್ಲಿ ಬೆರೆಸಬೇಡಿರಿ. ರಸೀದಿಗಳನ್ನು ಅಂದೇ ಜೋಡಿಸಿ, ತಡಮಾಡದೆ ಒಪ್ಪಿಸಿರಿ. ಹಣ ಯಾವ ದಿನಾಂಕಕ್ಕೆ ಬರುವುದೆಂದು ಬರವಣಿಗೆಯಲ್ಲಿ ಕೇಳಿಕೊಳ್ಳಿರಿ.

ಕೆಲಸ ಹೇಳುವ ಸ್ಥಾನದಲ್ಲಿ ನಾವೂ ಆಗಾಗ ಇರುತ್ತೇವೆ. ಧರ್ಮಕೇಂದ್ರದ ಹಬ್ಬಕ್ಕೆ ಹೂವು ತಂದವರು, ಧ್ವನಿವರ್ಧಕದವನಿಗೆ ಮುಂಗಡ ಕೊಟ್ಟವರು, ಯಾತ್ರೆಯ ಬಸ್ಸಿಗೆ ಡೀಸೆಲ್ ಹಾಕಿಸಿದವರು ನಮ್ಮಲ್ಲಿದ್ದಾರೆ. ಸಂಕೋಚದಿಂದ ಅವರು ಬಾಯಿ ಬಿಡುವುದಿಲ್ಲ. ಅವರು ಕೇಳುವ ಮೊದಲೇ, ಮುಂದಿನ ಭಾನುವಾರದೊಳಗೆ, ಅವರ ಹಣ ಅವರ ಕೈ ಸೇರಲಿ.