ಫಿಟ್ನೆಸ್ ಬರೆಸುವ ಮೊದಲು

ಹುಬ್ಬಳ್ಳಿ

ಪ್ರೀತಿಯ ತಮ್ಮಾ,

ಆಪರೇಷನ್ನಿಗೆ ದಿನ ಗೊತ್ತಾಯಿತು ಎಂದು ಅವ್ವ ಫೋನಿನಲ್ಲಿ ಹೇಳಿದಳು. "ಸಣ್ಣ ಆಪರೇಷನ್ ಅಂತವ್ವಾ. ಮಣಕಾಲಿಗೆ ಎರಡು ತೂತು ಹಾಕಿ ಮುಗಸ್ತಾರಂತ. ಹುಡುಗ ಗಟ್ಟಿ ಅದಾನ, ಏನಾಗ್ತದ?" ಅಂದಳು. ಅವಳನ್ನು ಹೆದರಿಸುವುದು ಬೇಡವೆಂದು ಹೂಂ ಅಂದೆ. ನಿನಗೆ ಫೋನು ಮಾಡಿದರೆ "ಆತು ಬಿಡಕ್ಕಾ" ಎಂದು ಇಟ್ಟುಬಿಡುತ್ತೀ. ಅದಕ್ಕೇ ಈ ಕಾಗದ. ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಪೂರ್ತಿ ಓದು.

ಲಿಗಮೆಂಟ್ ಹರಿದರೆ ದುರ್ಬೀನು ಹಾಕಿ ಸರಿಮಾಡುವುದು ಈಗ ರೂಢಿಯ ಕೆಲಸ. ಬಹಳ ಹುಡುಗರು ಒಂದೆರಡು ದಿನಕ್ಕೆ ವಾಕರ್ ಹಿಡಿದು ವಾರ್ಡಿನಲ್ಲಿ ಓಡಾಡುವುದನ್ನು ನಾನೇ ನೋಡುತ್ತೇನೆ. ಆಪರೇಷನ್ ಬೇಡ ಅನ್ನಲು ನಾನು ಬರೆಯುತ್ತಿಲ್ಲ. ನನ್ನ ಚಿಂತೆ ನಿನ್ನ ಗಟ್ಟಿತನದ್ದು. ಅರವತ್ತು ದಾಟಿದ, ಶುಗರ್ ಇರುವ ಅಜ್ಜ ಬಂದರೆ ಇಸಿಜಿ, ಎಕೋ, ಹಳೆ ಚೀಟಿ, ಮನೆತನದ ಚರಿತ್ರೆ ಎಲ್ಲವನ್ನೂ ಕೆದಕುತ್ತಾರೆ. ಅಂಜನಾದ್ರಿಯ 575 ಮೆಟ್ಟಿಲನ್ನು ಬೆಳಗಿನ ಜಾವ ಓಡಿ ಹತ್ತಿಳಿಯುವ ಕಬಡ್ಡಿ ಹುಡುಗ ಬಂದರೆ ಕೇಳುವವರಿಗೂ ಅವಸರ, ಹೇಳುವವನಿಗೂ ಅವಸರ. "ಅಲರ್ಜಿ?" ಏನಿಲ್ರೀ. "ಮೊದಲು ಆಪರೇಷನ್?" ಏನಿಲ್ರೀ. "ಮನ್ಯಾಗ ಯಾರಿಗಾರ ತೊಂದರೆ?" ಏನಿಲ್ರೀ. ಫಿಟ್ನೆಸ್ ಚೀಟಿಗೆ ಸಹಿ ಬಿತ್ತು. ನಿನ್ನ ವಿಷಯದಲ್ಲಿ ಮೂರನೇ "ಏನಿಲ್ರೀ" ಸುಳ್ಳು.

ದೊಡ್ಡಪ್ಪನ ಹರ್ನಿಯಾ ಆಪರೇಷನ್ ಕಥೆ ನೀನು ಎಷ್ಟು ಸಲ ಕೇಳಿಲ್ಲ! ಹಬ್ಬಕ್ಕೆ ಮಂದಿ ಕೂಡಿದರೆ ಸಾಕು, "ಸತ್ತು ಎದ್ದ ಶೆಟ್ಟಿ" ಎಂದು ನಗೆ ಶುರು. ಬೆಳಿಗ್ಗೆ ಥಿಯೇಟರಿಗೆ ಹೋದವರು ಮಧ್ಯಾಹ್ನವಾದರೂ ಹೊರಗೆ ಬರಲಿಲ್ಲ, ಹೊರಗೆ ಅಜ್ಜಿ ವಾಸವಿ ಅಮ್ಮನಿಗೆ ಹರಕೆ ಹೊತ್ತಳು, ಸಂಜೆಗೆ ಉಸಿರು ಬಂತು. ಆ ಕಥೆಯ ಒಂದು ತುಣುಕನ್ನು ಯಾರೂ ಕಿವಿಗೊಟ್ಟು ಕೇಳುವುದಿಲ್ಲ. ದೊಡ್ಡಪ್ಪ ನನಗೊಮ್ಮೆ ಹಿತ್ತಲಲ್ಲಿ ಕೂತು ಹೇಳಿದ್ದರು: "ಕಡೀಗೆ ಕಡೀಗೆ ನನಗ ಎಲ್ಲಾ ಕೇಳಸ್ತಿತ್ತವಾ. ಡಾಕ್ಟರು ಬೈಯೂದು, ಚೀಲ ಒತ್ತೂ ಸಪ್ಪಳ, ಎಲ್ಲಾ. ಕಣ್ಣು ತೆರಿಯಾಕ ಆಗವಲ್ದು, ಬೆರಳು ಅಲುಗಸಾಕ ಆಗವಲ್ದು. ಹೂತಾರೇನೋ ಅಂತ ಮಾಡಿದ್ದೆ."

ನಾನು ಥಿಯೇಟರಿನಲ್ಲಿ ಅರಿವಳಿಕೆಯ ಈ ಕೆಲಸಕ್ಕೆ ಸೇರಿದ ಮೇಲೆ ಆ ಮಾತಿನ ಅರ್ಥ ಹೊಳೆಯಿತು. ಮತ್ತು ಬರಿಸಿದ ಕೂಡಲೇ ಗಂಟಲಿಗೆ ನಳಿಕೆ ಇಳಿಸಬೇಕಲ್ಲ, ಅದಕ್ಕೆ ಸ್ನಾಯುಗಳನ್ನೆಲ್ಲ ಸಡಿಲ ಬಿಡಿಸುವ ಒಂದು ಸೂಜಿ ಇದೆ. ಥಿಯೇಟರಿನಲ್ಲಿ ಎಲ್ಲರೂ ಸ್ಕೋಲಿನ್ ಅನ್ನುತ್ತಾರೆ. ಒಂದು ನಿಮಿಷದೊಳಗೆ ಕೆಲಸ ಮಾಡುತ್ತದೆ, ಐದು ಹತ್ತು ನಿಮಿಷಕ್ಕೆ ಇಳಿಯುತ್ತದೆ. ಇಳಿಸುವುದು ನಮ್ಮ ರಕ್ತದಲ್ಲಿರುವ ಒಂದು ಕಿಣ್ವ, ಸೂಡೋಕೊಲಿನೆಸ್ಟರೇಸ್. ಅದು ಹುಟ್ಟಿನಿಂದಲೇ ಇಲ್ಲದವರಿಗೆ ಹತ್ತು ನಿಮಿಷದ ಔಷಧಿ ಗಂಟೆಗಟ್ಟಲೆ ಕೂರುತ್ತದೆ. ಎದೆಯ ಸ್ನಾಯು ಅಲುಗದೆ ತಾನಾಗಿ ಉಸಿರಾಡಲು ಆಗುವುದಿಲ್ಲ. ಅಷ್ಟೂ ಹೊತ್ತು ಮಷಿನ್ನೋ ಮನುಷ್ಯನ ಕೈಯೋ ಉಸಿರು ಕೊಟ್ಟರೆ ಏನೂ ಆಗದೆ ಏಳುತ್ತಾರೆ. ಅಷ್ಟರಲ್ಲಿ ಮತ್ತು ಇಳಿದುಬಿಟ್ಟರೆ ದೊಡ್ಡಪ್ಪನ ಹಾಗೆ ಎಚ್ಚರವಿದ್ದೂ ಹೆಣದಂತೆ ಬಿದ್ದಿರಬೇಕು. ಅವತ್ತು ಚೀಲ ಒತ್ತುತ್ತಾ ನಿಂತವರು ಯಾರೋ, ಅವರ ಕೈ ತಣ್ಣಗಿರಲಿ.

ಇದು ನಮ್ಮ ಮನೆಯೊಂದರ ಕಥೆಯಲ್ಲ, ಆರ್ಯವೈಶ್ಯರ ಕಥೆ. ಎಲ್ಲೋ ಸಾವಿರಾರು ಜನಕ್ಕೊಬ್ಬರಲ್ಲಿ ಕಾಣುವ ಈ ಕೊರತೆ ವೈಶ್ಯರಲ್ಲಿ ಸುಮಾರು ನೂರು ಪಟ್ಟು ಹೆಚ್ಚು. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಕೇಂದ್ರದ ಕುಮಾರಸ್ವಾಮಿ ತಂಗರಾಜ್, ಹಾರ್ವರ್ಡಿನ ಡೇವಿಡ್ ರೈಖ್ ಮತ್ತು ಅವರ ಸಂಗಡಿಗರು 2017ರಲ್ಲಿ 'ನೇಚರ್ ಜೆನೆಟಿಕ್ಸ್' ಪತ್ರಿಕೆಯಲ್ಲಿ ದಕ್ಷಿಣ ಏಷ್ಯಾದ ಜಾತಿ ಪಂಗಡಗಳ ವಂಶವಾಹಿ ಅಧ್ಯಯನ ಪ್ರಕಟಿಸಿದಾಗ ಉದಾಹರಣೆಗೆ ಎತ್ತಿಕೊಂಡದ್ದೇ ನಮ್ಮ ಜನರನ್ನು. ಮೂಲದಲ್ಲಿ ಕೆಲವೇ ಮನೆತನ, ಆಮೇಲೆ ನೂರಾರು ವರ್ಷ ಒಳಗೊಳಗೇ ಸಂಬಂಧ. ಹಾಗಾಗಿ ಯಾವುದೋ ಕಾಲದ ಒಬ್ಬ ಹಿರಿಯನಲ್ಲಿದ್ದ ಲೋಪ ಮನೆಮನೆಗೂ ಹಂಚಿಹೋಗಿದೆ. ಪುರಾಣದ 102 ಗೋತ್ರಗಳ ಕಥೆಗೂ ಈ ಲೆಕ್ಕಕ್ಕೂ ಗಂಟು ಹಾಕಲು ನಾನು ಹೋಗುವುದಿಲ್ಲ, ಅದು ಪಂಡಿತರ ಕೆಲಸ. ನಮ್ಮ ಕಡೆಯ ಅನುಭವಸ್ಥ ಅರಿವಳಿಕೆ ಡಾಕ್ಟರುಗಳು ಹೆಸರು ನೋಡಿ "ಶೆಟ್ಟರಾ?" ಎಂದು ಕೇಳುವುದುಂಟು. ಅದು ಜಾತಿ ಕೇಳುವುದಲ್ಲ, ಪ್ರಾಣ ಕೇಳುವುದು. ಕೇಳಿದರೆ ಮುಖ ಸಿಂಡರಿಸಬೇಡ. ಕೇಳದಿದ್ದರೆ ನೀನೇ ಹೇಳು.

ಅಪ್ಪನೂ ಅವ್ವನೂ ಇದರಲ್ಲಿ ಇಬ್ಬರೂ ಲೆಕ್ಕಕ್ಕೆ ಬರುತ್ತಾರೆ. ತಂದೆಯಿಂದೊಂದು ತಾಯಿಯಿಂದೊಂದು ಕೆಟ್ಟ ಪ್ರತಿ ಬಂದು ಸೇರಿದಾಗ ಈ ತೊಂದರೆ ಪೂರ್ತಿ ಕಾಣುತ್ತದೆ. ದೊಡ್ಡಪ್ಪನಿಗೆ ಎರಡೂ ಸೇರಿರಬೇಕು ಎಂದರೆ ಅಪ್ಪನಲ್ಲಿ ಕನಿಷ್ಠ ಒಂದು ಇರುವ ಸಂಭವ ಜಾಸ್ತಿ. ಅವ್ವ ಅಪ್ಪನಿಗೆ ಸ್ವಂತ ಸೋದರಮಾವನ ಮಗಳು. ಹೇಳು, ಯಾವ ಧೈರ್ಯದ ಮೇಲೆ "ಏನಿಲ್ರೀ" ಅನ್ನುತ್ತೀ? ನಾನು ನನ್ನ ರಕ್ತ ಪರೀಕ್ಷೆ ಮಾಡಿಸಿದೆ. ಇರಬೇಕಾದ್ದಕ್ಕಿಂತ ಕಡಿಮೆ ಬಂತು. ನಿನ್ನದು ಗೊತ್ತಿಲ್ಲ. ಗೊತ್ತಾದರೆ ದಾರಿ ಸಲೀಸು: ಸ್ಕೋಲಿನ್ ಬಿಟ್ಟು ಬೇರೆ ಔಷಧಿ ಕೊಡುತ್ತಾರೆ, ಇಲ್ಲವೇ ಬೆನ್ನಿಗೆ ಸೂಜಿ ಮಾಡಿ ಸೊಂಟದ ಕೆಳಗಷ್ಟೇ ಮರಗಟ್ಟಿಸುತ್ತಾರೆ. ಬೆನ್ನಿನ ಸೂಜಿ ಅಂತ ಮೊದಲೇ ನಿಗದಿಯಾಗಿದ್ದರೂ ಹೇಳು. ಅದು ಸಾಲದಾದಾಗ ನಡುವೆ ಪೂರ್ತಿ ಮತ್ತು ಕೊಡಬೇಕಾಗಿ ಬರುತ್ತದೆ, ಆ ಗಡಿಬಿಡಿಯಲ್ಲಿ ನೆನಪಿಸಲು ನಿನಗೆ ಎಚ್ಚರ ಇರುವುದಿಲ್ಲ.

ನಿನ್ನ ತಂಡದ ಹುಡುಗರಿಗೂ ಒಂದು ಮಾತು ಹೇಳು. ಗದ್ದೆಗೆ ಎಣ್ಣೆ ಹೊಡೆಯಲು ಹೋಗುತ್ತಾರಲ್ಲ, ಬಾಯಿಗೆ ಟವೆಲ್ ಸಹ ಕಟ್ಟದೆ? ಕೆಲವು ಕೀಟನಾಶಕಗಳು ಇದೇ ಕಿಣ್ವವನ್ನು ಕೊಲ್ಲುತ್ತವೆ. ನಮ್ಮ ಗಂಗಾವತಿ ಸೀಮೆಯ ಭತ್ತದ ಗದ್ದೆಯಲ್ಲಿ ಪಂಪು ಹೊತ್ತ ಯಾವ ಜಾತಿಯ ಹುಡುಗನಾದರೂ ಆಪರೇಷನ್ನಿಗೆ ಬಂದರೆ ಅದನ್ನು ಹೇಳಲೇಬೇಕು.

ಮನೆತನದ ಮಾತನ್ನು ಡಾಕ್ಟರ ಕಿವಿಗೆ ಹಾಕಿ ಬದುಕಿದ ಹುಡುಗನೊಬ್ಬನಿದ್ದಾನೆ. ಆಸ್ಟ್ರೇಲಿಯಾದ ಮೆಲ್ಬರ್ನ್ ಊರಿನಲ್ಲಿ 21ರ ಹುಡುಗನ ಕಾಲು ಮುರಿಯಿತು. ಅವನಿಗೆ ಮುರಿದ ಕಾಲಿಗಿಂತ ಮತ್ತಿನ ಔಷಧಿಯದೇ ಭಯ. "ನಮ್ಮ ಬಳಗದಲ್ಲಿ 10 ಜನ ಈಥರ್ ತೆಗೆದುಕೊಂಡು ಸತ್ತಿದ್ದಾರೆ" ಅಂದ. ಡಾಕ್ಟರು ಈಥರ್ ಬಿಟ್ಟು ಆಗಷ್ಟೇ ಬಂದಿದ್ದ ಹ್ಯಾಲೋಥೇನ್ ಕೊಟ್ಟರು. ಸ್ವಲ್ಪ ಹೊತ್ತಿಗೇ ಮೈ ಕಾದ ಹಂಚಾಯಿತು, ಬಿಪಿ ಬಿತ್ತು. ಅವನ ಮಾತು ತಲೆಯಲ್ಲಿದ್ದುದರಿಂದ ತಕ್ಷಣ ನಿಲ್ಲಿಸಿ ಮಂಜುಗಡ್ಡೆ ಸುರಿದು ಉಳಿಸಿಕೊಂಡರು. ಡೆನ್‌ಬರೋ ಮತ್ತು ಲೊವೆಲ್ ಎಂಬ ಡಾಕ್ಟರುಗಳು 1960ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಗೆ ಒಂದು ಪುಟ್ಟ ಪತ್ರ ಬರೆದರು. ಮ್ಯಾಲಿಗ್ನಂಟ್ ಹೈಪರ್‌ಥರ್ಮಿಯಾ ಎಂದು ನಾವೀಗ ಕರೆಯುವ ರೋಗ ಜಗತ್ತಿಗೆ ತಿಳಿದದ್ದು ಹಾಗೆ. ವಂಶದಲ್ಲಿ ಹರಿಯುವ ಇದೂ ಸ್ನಾಯುವಿನದೇ ರೋಗ, ಹರೆಯದ ಗಂಡುಹುಡುಗರಲ್ಲಿ ಹೆಚ್ಚು ಕಾಣುತ್ತದೆ. ಸ್ಕೋಲಿನ್ ಮತ್ತು ಮೂಗಿನಿಂದ ಕೊಡುವ ಹ್ಯಾಲೋಥೇನ್‌ನಂಥ ಮತ್ತಿನ ಅನಿಲಗಳು ಅದನ್ನು ಕೆರಳಿಸುತ್ತವೆ. ಹಿಂದೆಲ್ಲ ಈ ರೋಗ ಕೆರಳಿದರೆ ನೂರಕ್ಕೆ ಎಪ್ಪತ್ತು ಮಂದಿ ಹೋಗುತ್ತಿದ್ದರು. 1979ರಲ್ಲಿ ಡಾಂಟ್ರೋಲಿನ್ ಎಂಬ ಮದ್ದು ರಕ್ತನಾಳಕ್ಕೆ ಕೊಡಲು ಬಂದ ಮೇಲೆ, ಅದು ಕೈಗೆ ಸಿಗುವ ಕಡೆ, ಹತ್ತರ ಕೆಳಗಿಳಿಯಿತು. ನಮ್ಮ ಎಲ್ಲ ಆಸ್ಪತ್ರೆಗಳ ಕಪಾಟಿನಲ್ಲಿ ಆ ಮದ್ದು ಇರುವುದಿಲ್ಲ. ಬಿಸಿಲಲ್ಲಿ ಆಡಿದ ದಿನ ಮೈಯೆಲ್ಲ ಸೆಟೆದು, ಉಚ್ಚೆ ಕರಿ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳು. ನಾಚಿಕೆ ಬೇಡ.

ಇನ್ನೊಂದು ನಿಮ್ಮಂಥ ಗಟ್ಟಿ ಎದೆಯವರಿಗೇ ಬರುವ ಕಂಟಕ. ಆಪರೇಷನ್ ಮುಗಿದು ನಳಿಕೆ ತೆಗೆಯುವ ಗಳಿಗೆಯಲ್ಲಿ ಕೆಲವರು ಹಲ್ಲು ಕಚ್ಚಿ ನಳಿಕೆಯನ್ನೇ ಮುಚ್ಚುತ್ತಾರೆ, ಇಲ್ಲವೇ ತೆಗೆದ ಮೇಲೆ ಗಂಟಲು ಬಿಗಿದುಕೊಳ್ಳುತ್ತದೆ. ಮುದುಕರಾದರೆ ಅಷ್ಟು ಜೋರಾಗಿ ಎಳೆಯಲಾರರು. ದಮ್ಮು ಕಟ್ಟಿ ರೈಡಿಗೆ ಹೋಗುವ ನಿನ್ನಂಥವನು ಮುಚ್ಚಿದ ಗಂಟಲ ಎದುರು ಇದ್ದಬದ್ದ ಬಲ ಹಾಕಿ ಉಸಿರೆಳೆದರೆ, ಆ ಸೆಳೆತಕ್ಕೆ ಪುಪ್ಪುಸದೊಳಗೆ ನೀರು ಇಳಿಯುತ್ತದೆ. ಗುಲಾಬಿ ಬಣ್ಣದ ನೊರೆ ಬಾಯಿಗೆ ಬರುತ್ತದೆ. ಬೇಗ ಹಿಡಿದರೆ ಒಂದೆರಡು ದಿನದಲ್ಲಿ ವಾಸಿ. ಅದಕ್ಕೇ ನಾವು ಎಬ್ಬಿಸುವಾಗ ಕೂಗುತ್ತೇವೆ: "ಬಾಯಿ ತೆಗಿ! ಮೆಲ್ಲಕ ಉಸಿರಾಡು!" ಆ ಕೂಗು ನೆನಪಿರಲಿ.

ನಿನ್ನ ನಾಡಿ ಕೂತಾಗ ಐವತ್ತರ ಕೆಳಗೆ ಇರುತ್ತದೆಂದು ಜಂಭ ಕೊಚ್ಚುತ್ತೀಯಲ್ಲ, ಅದನ್ನು ಅಲ್ಲೂ ಕೊಚ್ಚು. ಮತ್ತಿನ ಔಷಧಿಗಳು ನಾಡಿಯನ್ನು ಇನ್ನೂ ಇಳಿಸುತ್ತವೆ, ಮೊದಲೇ ತಿಳಿದರೆ ಸಿದ್ಧವಾಗಿರುತ್ತಾರೆ. ಓಡುವಾಗ ಎಂದಾದರೂ ಕಣ್ಣು ಕತ್ತಲೆ ಬಂದು ಬಿದ್ದಿದ್ದರೆ ಹೃದಯದ ಎಕೋ ಮಾಡಿಸದೆ ಮುಂದೆ ಹೋಗಬೇಡ. ಜಿಮ್ಮಿನ ಡಬ್ಬಿಯ ಪುಡಿ, ಆಟಕ್ಕೆ ಮೊದಲು ಕುಡಿಯುವ ಬಣ್ಣದ ನೀರು, ಯಾರೋ ಕೊಡಿಸಿದ "ತಾಕತ್ತಿನ" ಸೂಜಿ, ಗುಟ್ಕಾ, ಏನಿದ್ದರೂ ಜೊತೆಗೆ ಬಂದವರನ್ನು ಹೊರಗೆ ಕಳಿಸಿಯಾದರೂ ಹೇಳು. ಡಾಕ್ಟರು ನಿನ್ನ ಕೋಚ್‌ಗೆ ಚಾಡಿ ಹೇಳುವುದಿಲ್ಲ.

ಉಪವಾಸದ ವಿಷಯ ಅವ್ವನಿಗೆ ನಾನೇ ಹೇಳುತ್ತೇನೆ, ಆದರೂ ನೀನು ಕಾಯಬೇಕು. ಹಾಲು ಹಾಕಿದ ಚಹಾ ನೀರಲ್ಲ. ಹೊಟ್ಟೆಗೆ ಅದು ಊಟವೇ, ಆರು ತಾಸು ಬೇಕು. ಬರೀ ನೀರನ್ನು ಸಾಮಾನ್ಯವಾಗಿ ಎರಡು ತಾಸು ಮೊದಲಿನವರೆಗೆ ಕುಡಿಯಬಹುದು, ಅಲ್ಲಿಯವರು ಏನು ಹೇಳುತ್ತಾರೋ ಹಾಗೆ. ಬೆಟ್ಟದ ಪ್ರಸಾದ ಒಂದು ಚೂರು ಬಾಯಿಗಿಟ್ಟರೆ ಏನಾಗುತ್ತದೆ ಎಂದು ಅಜ್ಜಿ ಖಂಡಿತ ಕೇಳುತ್ತಾಳೆ. ಮತ್ತಿನಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿದರೆ ಹನುಮಪ್ಪನೂ ಸಂಕಟಪಡುತ್ತಾನೆ. ಪ್ರಸಾದ ಆಮೇಲೆ.

ಈ ಕೆಲಸದ ಅಭಿಮಾನಕ್ಕೆ ಒಂದು ಮಾತು ಸೇರಿಸುತ್ತೇನೆ. ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲ ನಿಜಾಮರ ರಾಜ್ಯದಲ್ಲಿದ್ದ ಕಾಲದಲ್ಲಿ, 1888ರಲ್ಲಿ ಮತ್ತೆ 1889ರಲ್ಲಿ, ಹೈದರಾಬಾದಿನಲ್ಲಿ ಆಗಿನ ಮತ್ತಿನ ಔಷಧಿ ಕ್ಲೋರೋಫಾರಂ ಪರೀಕ್ಷಿಸಲು ಕ್ಲೋರೋಫಾರಂ ಆಯೋಗ ಕೂತಿತ್ತು. ಎಡ್ವರ್ಡ್ ಲಾರಿ ಅದರ ಮುಂದಾಳು, ದುಡ್ಡು ನಿಜಾಮರದು. ನಾಡಿ ಹಿಡಿದು ಕೂರಬೇಡಿ, ಉಸಿರು ನೋಡಿ ಎಂಬುದು ಲಾರಿ ಹಟ. ಹೃದಯದ ವಿಷಯದಲ್ಲಿ ಅವನ ವಾದ ತಪ್ಪೆಂದು ಆಮೇಲೆ ಗೊತ್ತಾಯಿತು. ಉಸಿರಿನ ಮೇಲೆ ಕಣ್ಣಿಡು ಎಂಬ ಅರ್ಧ ಮಾತ್ರ ಇವತ್ತಿಗೂ ನಮ್ಮ ಮಾನಿಟರಿನಲ್ಲಿ ಗೆರೆಯಾಗಿ ಓಡುತ್ತದೆ. ಅಲ್ಲೇ ಓದಿದ ರೂಪಾಬಾಯಿ ಫರ್ದೂನ್‌ಜಿ ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎನ್ನುತ್ತಾರೆ. ಥಿಯೇಟರಿನಲ್ಲಿ ಹೆಣ್ಣುಮಗಳು ತಲೆಯ ಬಳಿ ಕೂತಿದ್ದರೆ ಗಾಬರಿಯಾಗಬೇಡ ಅಂತ ಹೇಳಿದೆ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಆಪರೇಷನ್ ಆದ ಮೇಲಿನ ರಾತ್ರಿ. 2022ರ ನವೆಂಬರಿನಲ್ಲಿ ಚೆನ್ನೈನ ಫುಟ್‌ಬಾಲ್ ಆಟಗಾರ್ತಿ ಪ್ರಿಯಾಳ ಸುದ್ದಿ ಓದಿದ್ದೆಯಲ್ಲ? ಕಾಲೇಜು ಹುಡುಗಿ, 17 ವರ್ಷ. ನಿನ್ನ ಹಾಗೆಯೇ ಮೊಣಕಾಲಿನ ಲಿಗಮೆಂಟ್, ನಿನ್ನ ಹಾಗೆಯೇ ದುರ್ಬೀನು. ಮತ್ತಿನ ಔಷಧಿ ಅವಳಿಗೆ ಏನೂ ಮಾಡಲಿಲ್ಲ. ಆಪರೇಷನ್ ನಂತರ ಸುತ್ತಿದ ಪಟ್ಟಿ ಅತಿ ಬಿಗಿಯಾಗಿ ಕಾಲಿಗೆ ರಕ್ತ ನಿಂತಿತು. ಬೇರೆ ಆಸ್ಪತ್ರೆಗೆ ಸಾಗಿಸಿ ಕಾಲು ತೆಗೆದರೂ ಉಳಿಯಲಿಲ್ಲ, 15ನೇ ತಾರೀಖು ತೀರಿಕೊಂಡಳು. ಡಾಕ್ಟರುಗಳ ಅಲಕ್ಷ್ಯವೇ ಕಾರಣ ಎಂದು ಅಲ್ಲಿನ ಆರೋಗ್ಯ ಸಚಿವ ಮಾ. ಸುಬ್ರಮಣಿಯನ್ ಅವರೇ ಒಪ್ಪಿಕೊಂಡರು.

ನಿನಗೆ ನೋವು ನುಂಗುವುದು ರೂಢಿ. ಕಿರುಬೆರಳು ಮುರಿದಿದ್ದರೂ ಪಂದ್ಯ ಮುಗಿಸಿ ಬಂದವನು ನೀನು. ಆ ರಾತ್ರಿ ನುಂಗಬೇಡ. ನೋವಿನ ಸೂಜಿ ಮಾಡಿದ ಮೇಲೂ ನೋವು ಏರುತ್ತಲೇ ಹೋದರೆ, ಕಾಲ್ಬೆರಳನ್ನು ಯಾರಾದರೂ ಮೇಲೆ ಬಗ್ಗಿಸಿದಾಗ ಮೀನಖಂಡದಲ್ಲಿ ಜೀವ ಹೋದಂತಾದರೆ, ಬೆರಳು ಜೋಮು ಹಿಡಿದು ತಣ್ಣಗಾದರೆ, ಬಣ್ಣ ಬದಲಾದರೆ, ವಾರ್ಡು ಎದ್ದು ಕೂರುವ ಹಾಗೆ ಕೂಗು. "ಬೆಳಿಗ್ಗೆ ದೊಡ್ಡ ಡಾಕ್ಟರು ಬರ್ತಾರ" ಎಂದರೆ ಕೇಳಬೇಡ. ಕಾಲಿನ ಸ್ನಾಯು ಬೆಳಗಿನ ತನಕ ಕಾಯುವುದಿಲ್ಲ. ಐದಾರು ತಾಸಿನಲ್ಲಿ ಆಟವೇ ಮುಗಿಯಬಹುದು. ಪಟ್ಟಿ ಬಿಚ್ಚಿ ನೋಡಿ ಎಂದು ಹಟ ಹಿಡಿ. ಬೆನ್ನಿಗೆ ಸೂಜಿ ಮಾಡಿದ್ದರೆ ಮೊದಲ ಕೆಲವು ತಾಸು ನಿನಗೆ ಗೊತ್ತೇ ಆಗುವುದಿಲ್ಲ, ಆಗ ಜೊತೆಗಿದ್ದವರು ಬೆರಳು ಮುಟ್ಟಿ ನೋಡುತ್ತಿರಬೇಕು. ಡಿಸ್ಚಾರ್ಜ್ ಆದ ಮೇಲೂ ಮೀನಖಂಡ ಬಾತು ನೋಯುತ್ತಿದ್ದರೆ, ಏಕಾಏಕಿ ಏದುಸಿರು ಬಂದರೆ, ರಕ್ತ ಹೆಪ್ಪುಗಟ್ಟಿರಬಹುದು. ಗಾಡಿ ಮಾಡಿಕೊಂಡು ಹೊರಡಬೇಕು, ನನಗೆ ಫೋನು ಆಮೇಲೆ.

ಈಗ ಮಾಡಬೇಕಾದ ಕೆಲಸ. ದೊಡ್ಡಪ್ಪನ ಹಳೆ ಟ್ರಂಕಿನಲ್ಲಿ ಖಾತೆ ಪುಸ್ತಕಗಳ ನಡುವೆ ಆ ಆಸ್ಪತ್ರೆಯ ಚೀಟಿ ಇದೆಯಂತೆ, ಅಜ್ಜಿ ಹೇಳಿದ್ದಳು. ಹುಡುಕಿ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡು. ನಾಳೆಯೇ ಗಂಗಾವತಿಗೆ ಹೋಗಿ ರಕ್ತ ಕೊಡು. ಪರೀಕ್ಷೆಯ ಹೆಸರನ್ನು ಕಾಗದದ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ, ಲ್ಯಾಬಿನವರಿಗೆ ತೋರಿಸು. ಅವರು ಹೊರಗೆ ಕಳಿಸಿ ಮಾಡಿಸಬೇಕಾಗಬಹುದು, ನಾಲ್ಕು ದಿನ ಹಿಡಿದರೂ ಹಿಡಿಯಲಿ, ರಿಪೋರ್ಟ್ ಬರುವ ತನಕ ತಾರೀಖು ಮುಂದಕ್ಕೆ ಹಾಕಿಸು. ಪಂದ್ಯಾವಳಿ ಮುಂದಿನ ವರ್ಷವೂ ಬರುತ್ತದೆ. ಫಿಟ್ನೆಸ್ಸಿಗೆ ಹೋಗುವಾಗ ಅಪ್ಪ ಅಂಗಡಿ ಬಿಟ್ಟು ಬರಲಾರರು, ದೊಡ್ಡಪ್ಪನನ್ನೇ ಕರೆದುಕೊಂಡು ಹೋಗು. ಅವರ ಕಥೆಯನ್ನು ಅರಿವಳಿಕೆ ಡಾಕ್ಟರ ಮುಂದೆ ಅವರ ಬಾಯಿಂದಲೇ ಹೇಳಿಸು. ಆಪರೇಷನ್ ದಿನ ನಾನು ರಜೆ ಹಾಕಿ ಬರುತ್ತೇನೆ, ರಾತ್ರಿ ನಿನ್ನ ಹತ್ತಿರ ನಾನೇ ಇರುತ್ತೇನೆ.

ನಿನ್ನ ಅಕ್ಕ